ಹಳದಿ ಪಟ್ಟೆಯ ಕಣಜ ಗಂಡೋ ಹೆಣ್ಣೋ: ಗುರುತು ತಪ್ಪಿದಾಗ ದೋಷವನ್ನು ಪತ್ತೆಹಚ್ಚುವ ಕೈಪಿಡಿ

ವಿಜಯಪುರ ಮತ್ತು ಬಾಗಲಕೋಟೆ ಭಾಗದಲ್ಲಿ ಕೃಷಿ, ತೋಟಗಾರಿಕೆ ಓದುವ ವಿದ್ಯಾರ್ಥಿಗಳು ಸಲ್ಲಿಸುವ ಕೀಟಪೆಟ್ಟಿಗೆಗಳಲ್ಲಿ ಕಣಜಗಳ ಸಾಲಿಗೆ ಬಂದಾಗ ಒಂದೇ ಬಗೆಯ ಚೀಟಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: “ಯೆಲ್ಲೋಜಾಕೆಟ್, ಗಂಡು. ಆಧಾರ: ಮುಖ ಹಳದಿ, ಹೊಟ್ಟೆಯ ಮೇಲೆ ಹಳದಿ ಪಟ್ಟೆ.” ಯೆಲ್ಲೋಜಾಕೆಟ್ ಎಂಬುದು ತಂಪು ನಾಡಿನ ಹಳದಿ ಪಟ್ಟೆಯ ಒಂದು ಬಗೆಯ ಕಣಜ. ಈ ಪುಟ್ಟ ಚೀಟಿಯಲ್ಲಿ ಮೂರು ಬೇರೆ ಬೇರೆ ತೀರ್ಮಾನಗಳು ಅಡಗಿವೆ. ಕೀಟ ಯಾವ ಗುಂಪಿನದು, ಅದರ ಲಿಂಗ ಯಾವುದು, ಆ ಲಿಂಗವನ್ನು ಹೇಳಲು ಯಾವ ಗುರುತು ಸಾಕು ಎಂಬ ಈ ಮೂರರಲ್ಲಿ ಯಾವುದು ಬೇಕಾದರೂ ಉಳಿದವುಗಳ ಹಂಗಿಲ್ಲದೆ ತಪ್ಪಬಹುದು. ಆದ್ದರಿಂದ ಚೀಟಿ ತಪ್ಪೆಂದು ತಿಳಿದಾಗ ಅದನ್ನು ಹರಿದು ಹೊಸದನ್ನು ಬರೆಯುವ ಬದಲು, ತಪ್ಪು ಯಾವ ಹಂತದಲ್ಲಿ ಸೇರಿಕೊಂಡಿತು ಎಂಬುದನ್ನು ಹುಡುಕಬೇಕು. ಹಾಗೆ ಹುಡುಕದಿದ್ದರೆ ಮುಂದಿನ ವರ್ಷದ ಪೆಟ್ಟಿಗೆಯಲ್ಲೂ ಅದೇ ಚೀಟಿ ಇರುತ್ತದೆ.

ಗಂಡನ್ನು ಗುರುತಿಸುವಲ್ಲಿ ಬಣ್ಣ ಮತ್ತು ಪಟ್ಟೆಗಳು ಕೊನೆಯಲ್ಲಿ ಕೇಳಬೇಕಾದ ಸಾಕ್ಷಿ. ದೇಹದ ರಚನೆ ಮೊದಲು, ಬಣ್ಣ ನಂತರ ಎಂಬ ಕ್ರಮವನ್ನು ತಲೆಕೆಳಗು ಮಾಡಿದ ಕಡೆಯಲ್ಲೇ ಮುಂದೆ ಹೇಳುವ ದೋಷಗಳಲ್ಲಿ ಹೆಚ್ಚಿನವು ಹುಟ್ಟುತ್ತವೆ.

ಬೇಕಾಗುವ ಸಲಕರಣೆ ಹೆಚ್ಚೇನಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಸಣ್ಣ ಚಿಮಟ, ತೆಳು ಸೂಜಿ, ಪಕ್ಕದಿಂದ ಬೀಳುವ ಬೆಳಕು ಇದ್ದರೆ ಸಾಕು. ಜೀವಂತ ಕಣಜವನ್ನು ಕೈಯಲ್ಲಿ ಹಿಡಿದು ಕಚ್ಚುತ್ತದೆಯೇ ಎಂದು ನೋಡುವುದು ಪರೀಕ್ಷೆಯಲ್ಲ, ಅವಿವೇಕ. ಸೀಸೆಯಲ್ಲಿ ಹಿಡಿದು ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟರೆ ಬಣ್ಣವೂ ಕೆಡುವುದಿಲ್ಲ, ಕೈಯೂ ಊದುವುದಿಲ್ಲ. ಕಣಜ ಕಚ್ಚಿದವರಿಗೆ ಉಸಿರು ಕಟ್ಟಿದಂತಾದರೆ, ತುಟಿ ಅಥವಾ ನಾಲಿಗೆ ಬಾತುಕೊಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ದೋಷ: ಹೆಸರು ಯೆಲ್ಲೋಜಾಕೆಟ್ ಎಂದೇ ಬರುತ್ತಿದೆ

ಫೋನಿನ ಆ್ಯಪ್‌ಗೆ ಫೋಟೊ ತೋರಿಸಿದಾಗಲೂ ಹೊರದೇಶದ ಚಿತ್ರಪಟದೊಂದಿಗೆ ಹೋಲಿಸಿದಾಗಲೂ ಈ ಉತ್ತರ ಸುಲಭವಾಗಿ ಸಿಗುತ್ತದೆ. ಯೆಲ್ಲೋಜಾಕೆಟ್ ಎಂಬ ಹೆಸರು ಮುಖ್ಯವಾಗಿ ವೆಸ್ಪುಲಾ ಕುಲಕ್ಕೆ ಸಲ್ಲುತ್ತದೆ. ಇವು ತಂಪು ನಾಡಿನ ಕಣಜಗಳು. ಭಾರತದಲ್ಲಿ ಇವುಗಳ ನೆಲೆ ಹಿಮಾಲಯದ ಸೆರಗು ಮತ್ತು ಈಶಾನ್ಯದ ಬೆಟ್ಟಗಳು. ತಿಕೋಟಾದ ದ್ರಾಕ್ಷಿ ಪಡದಲ್ಲಾಗಲಿ, ಬಾಗಲಕೋಟೆಯ ದಾಳಿಂಬೆ ತೋಟದಲ್ಲಾಗಲಿ ಹಿಡಿದ ಹಳದಿ ಪಟ್ಟೆಯ ಹುಳ ವೆಸ್ಪುಲಾ ಆಗಿದೆ ಎಂದು ಬರೆಯುವ ಮೊದಲು ಹತ್ತು ಬಾರಿ ಯೋಚಿಸಬೇಕು.

ಹಾಗಾದರೆ ಅದು ಏನು? ಮೊದಲು ರೆಕ್ಕೆಗಳನ್ನು ಎಣಿಸಿ. ಎರಡೇ ರೆಕ್ಕೆ, ಗಿಡ್ಡ ಕುಡಿಮೀಸೆ (ಆಂಟೆನಾ), ಮುಖವನ್ನೆಲ್ಲ ಆವರಿಸಿದ ಕಣ್ಣು ಇದ್ದರೆ ಅದು ಹೂನೊಣ, ಅಂದರೆ ಸಿರ್ಫಿಡ್ ನೊಣ. ಕುಸುಬೆಗೆ ಹೇನು ಬಿದ್ದ ಕಾಲದಲ್ಲಿ ಹೊಲದ ತುಂಬ ತೇಲುವ ಈ ನೊಣಗಳು ಕಣಜದ ವೇಷ ಹಾಕಿರುತ್ತವೆಯೇ ಹೊರತು ಅವುಗಳಿಗೆ ಕೊಂಡಿಯೂ ಇಲ್ಲ, ಕಣಜದೊಂದಿಗೆ ಹತ್ತಿರದ ನಂಟೂ ಇಲ್ಲ. ಅವುಗಳ ಮರಿಹುಳಗಳಲ್ಲಿ ಅನೇಕವು ಹೇನನ್ನೇ ತಿಂದು ಬೆಳೆಯುವುದರಿಂದ, ಇವನ್ನು ಕಣಜವೆಂದು ತಿಳಿದು ಔಷಧ ಹೊಡೆಯುವುದು ರೈತನಿಗೇ ನಷ್ಟ.

ನಾಲ್ಕು ರೆಕ್ಕೆ ಇದ್ದರೆ ಕಣ್ಣಿನ ಆಕಾರ ನೋಡಿ. ವೆಸ್ಪಿಡೇ ಕುಟುಂಬದ ಕಣಜಗಳ ಸಂಯುಕ್ತ ಕಣ್ಣಿನ ಒಳಅಂಚಿನಲ್ಲಿ ಆಳವಾದ ಕಚ್ಚು ಇರುತ್ತದೆ. ಕುಳಿತಾಗ ಮುಂದಿನ ರೆಕ್ಕೆಗಳು ಉದ್ದಕ್ಕೆ ಮಡಿಚಿಕೊಂಡು ಕಿರಿದಾಗಿ ಕಾಣುತ್ತವೆ. ಇವೆರಡೂ ಇಲ್ಲದೆ ಬರಿಯ ಹಳದಿ ಪಟ್ಟೆ ಮಾತ್ರ ಇದ್ದರೆ ಹುಳ ಬೇರೆ ಕುಟುಂಬದ್ದು. ಇವೆರಡೂ ಇದ್ದರೆ ಸೊಂಟಕ್ಕೆ ಬನ್ನಿ. ವೆಸ್ಪುಲಾದಲ್ಲಿ ಹೊಟ್ಟೆಯ ಮುಂಭಾಗ ಥಟ್ಟನೆ ಕಡಿದಂತೆ ನೇರವಾಗಿ ನಿಲ್ಲುತ್ತದೆ. ಪೊಲಿಸ್ಟಿಸ್ ಕುಲದಲ್ಲಿ ಅದು ಎರಡೂ ತುದಿಗೆ ಸಣ್ಣಗಾಗುತ್ತ ಹೋಗುತ್ತದೆ. ರೊಪಲಿಡಿಯಾ ಕುಲದಲ್ಲಿ ಮೊದಲ ಖಂಡವೇ ತೊಟ್ಟಿನಂತೆ ಕಿರಿದಾಗಿ, ಎರಡನೆಯ ಖಂಡ ಗುಂಡಗೆ ಉಬ್ಬಿರುತ್ತದೆ. ಮಣೂಕ ಅಂದರೆ ಒಣದ್ರಾಕ್ಷಿ ಮಾಡುವ ಶೆಡ್ಡಿನ ಪತ್ರಾಸಿನ ಕೆಳಗೆ, ಹಳೆಯ ಮನೆಯ ಜಂತಿಗೆ, ಬಾಗಿಲ ಚೌಕಟ್ಟಿನ ಮೂಲೆಗೆ ಮುಚ್ಚಳವಿಲ್ಲದ ಕಾಗದದಂಥ ಗೂಡು ಕಟ್ಟಿಕೊಂಡಿರುವುದು ನಮ್ಮಲ್ಲಿ ಸಾಮಾನ್ಯವಾಗಿ ಈ ಎರಡು ಕುಲಗಳಲ್ಲಿ ಒಂದು. ಮಣ್ಣಿನ ಪುಟ್ಟ ಗಡಿಗೆಯಂಥ ಗೂಡು ಇದ್ದರೆ ಅದು ಕುಂಬಾರ ಕಣಜ. ಕಪ್ಪು ಮೈ, ಹೊಟ್ಟೆಯ ಎರಡನೆಯ ಖಂಡದ ಮೇಲೆ ಅಗಲವಾದ ಒಂದೇ ಹಳದಿ ಪಟ್ಟಿ, ದೊಡ್ಡ ಗಾತ್ರ ಇದ್ದರೆ ವೆಸ್ಪಾ ಟ್ರಾಪಿಕಾ. ಇದು ಬೇರೆ ಕಣಜಗಳ ಗೂಡಿಗೆ ನುಗ್ಗಿ ಅವುಗಳ ಮರಿಗಳನ್ನು ಹೊತ್ತೊಯ್ಯುವ ಜಾತಿ.

ಬೆಳಗಾವಿ ಜಿಲ್ಲೆಯವರು ಖಾನಾಪುರದ ಕಾಡಂಚಿನಲ್ಲಿ ಹಿಡಿದ ಮಾದರಿಯನ್ನು ವಿಜಯಪುರದ ಎರೆ ಹೊಲದ ಮಾದರಿಯ ಜೊತೆ ಒಂದೇ ಪಟ್ಟಿಯಲ್ಲಿಟ್ಟು ಹೋಲಿಸಬಾರದು. ಪಶ್ಚಿಮ ಘಟ್ಟದ ಕಣಜಗಳ ಬಳಗವೇ ಬೇರೆ. ಅಲ್ಲಿ ರೊಪಲಿಡಿಯಾ ಮೊಂಟಾನಾದಂಥ, ಹೊದಿಕೆಯುಳ್ಳ ದೊಡ್ಡ ಗೂಡು ಕಟ್ಟುವ ಜಾತಿಗಳೂ ಇವೆ.

ದೋಷ: ಮುಖ ಹಳದಿ ಇದೆ ಎಂಬ ಕಾರಣಕ್ಕೆ ಗಂಡು ಎಂದು ಬರೆಯಲಾಗಿದೆ

ಈ ತಪ್ಪಿಗೆ ಒಂದು ಸತ್ಯದ ಬೇರಿದೆ, ಆದ್ದರಿಂದಲೇ ಅದು ಹಟಮಾರಿ. ಅನೇಕ ಕಣಜಗಳಲ್ಲಿ ಬಾಯಿಯ ಮೇಲಿರುವ ಮುಖದ ತಟ್ಟೆ, ಅಂದರೆ ಕ್ಲೈಪಿಯಸ್, ಗಂಡಿನಲ್ಲಿ ಹೆಣ್ಣಿಗಿಂತ ತಿಳಿ ಬಣ್ಣದ್ದು. ರೊಪಲಿಡಿಯಾ ಮಾರ್ಜಿನಾಟಾದಲ್ಲಿ ಗಂಡಿನ ಮುಖ ತಿಳಿಹಳದಿ, ದವಡೆ ಹೆಣ್ಣಿನಷ್ಟು ಬಲವಾದುದಲ್ಲ. ಪೊಲಿಸ್ಟಿಸ್ ಗಂಡುಗಳ ಮುಖ ಚಪ್ಪಟೆ ಮತ್ತು ತಿಳಿ ಬಣ್ಣದ್ದಾಗಿರುವುದು ಸಾಮಾನ್ಯ. ಕುಂಬಾರ ಕಣಜಗಳ ಹಲವು ಜಾತಿಗಳಲ್ಲಿ ಗಂಡಿನ ಈ ತಟ್ಟೆ ಪೂರ್ತಿ ಹಳದಿ ಇಲ್ಲವೆ ಬಿಳಿ ಇರುತ್ತದೆ. ಇಷ್ಟನ್ನು ಓದಿದವರು ಮಾತನ್ನು ತಿರುಗಿಸಿ, ಮುಖ ಹಳದಿ ಇದ್ದುದೆಲ್ಲ ಗಂಡು ಎಂದುಬಿಡುತ್ತಾರೆ. ಪೊಲಿಸ್ಟಿಸ್ ಒಲಿವೇಶಿಯಸ್ ಮೈಯೆಲ್ಲ ಹಳದಿ ಛಾಯೆಯ ಜಾತಿ. ಅದರ ಹೆಣ್ಣಿನ ಮುಖವೂ ಹಳದಿಯೇ. ಅಂಥ ಜಾತಿಯಲ್ಲಿ ಮುಖದ ಬಣ್ಣ ಲಿಂಗದ ಬಗ್ಗೆ ಏನನ್ನೂ ಹೇಳುವುದಿಲ್ಲ. ಮುಖದ ಬಣ್ಣವನ್ನು ಬಳಸಬೇಕಾದರೆ ಜಾತಿ ಯಾವುದೆಂಬುದು ಮೊದಲೇ ನಿಶ್ಚಯವಾಗಿರಬೇಕು, ಅದೇ ಜಾತಿಯ ಹೆಣ್ಣು ಪಕ್ಕದಲ್ಲಿರಬೇಕು.

ಋತುವನ್ನು ಆಧಾರವಾಗಿ ಹಿಡಿಯುವವರೂ ಇದೇ ಬಗೆಯಲ್ಲಿ ಎಡವುತ್ತಾರೆ. ತಂಪು ದೇಶಗಳಲ್ಲಿ ಯೆಲ್ಲೋಜಾಕೆಟ್ ಸಂಸಾರ ವಸಂತದಲ್ಲಿ ಒಂಟಿ ರಾಣಿಯಿಂದ ಶುರುವಾಗಿ, ಬೇಸಿಗೆಯ ಕೊನೆಗೂ ಶರತ್ಕಾಲಕ್ಕೂ ಗಂಡುಗಳನ್ನು ಹುಟ್ಟಿಸಿ, ಚಳಿಗೆ ಮುಗಿದುಹೋಗುತ್ತದೆ. ನಮ್ಮ ಬಯಲಿನ ರೊಪಲಿಡಿಯಾ ಮಾರ್ಜಿನಾಟಾಕ್ಕೆ ಆ ಗಡಿಯಾರ ಅನ್ವಯಿಸುವುದಿಲ್ಲ. ಅದರ ಗೂಡುಗಳು ವರ್ಷದ ಯಾವ ತಿಂಗಳಲ್ಲೂ ಸಿಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ಮತ್ತು ಸಂಗಡಿಗರು ದಶಕಗಳ ಕಾಲ ಅಭ್ಯಾಸ ಮಾಡಿದ್ದು ಇದೇ ಜಾತಿಯನ್ನು. ಇದರ ಗಂಡುಗಳು ಹುಟ್ಟಿದ ಸುಮಾರು ಒಂದು ವಾರದಲ್ಲಿ ಗೂಡು ಬಿಟ್ಟು ಅಲೆಮಾರಿಗಳಾಗುತ್ತವೆ, ಆದ್ದರಿಂದ ಗೂಡಿನ ಮೇಲೆ ಗಂಡು ಕಾಣಲಿಲ್ಲವೆಂದ ಮಾತ್ರಕ್ಕೆ ಆ ಗೂಡಿನಲ್ಲಿ ಗಂಡು ಹುಟ್ಟಿಲ್ಲ ಎಂದೂ ಹೇಳಲಾಗದು.

ಹುಳ ಮಾಡುತ್ತಿದ್ದ ಕೆಲಸ ಮಾತ್ರ ಬಣ್ಣಕ್ಕಿಂತ ನಂಬಿಕೆಗೆ ಯೋಗ್ಯ. ದ್ರಾಕ್ಷಿ ಚಪ್ಪರದ ಒಣ ಕಂಬವನ್ನು ದವಡೆಯಿಂದ ಕೆರೆದು ನಾರು ಒಯ್ಯುತ್ತಿದ್ದರೆ, ಕೀಡೆಯ ಮಾಂಸವನ್ನು ಉಂಡೆ ಮಾಡಿ ಹೊರುತ್ತಿದ್ದರೆ, ಹಸಿ ಮಣ್ಣು ತಂದು ಗಡಿಗೆ ಮೆತ್ತುತ್ತಿದ್ದರೆ ಅದು ಹೆಣ್ಣೇ ಎಂದು ತಿಳಿಯಬಹುದು. ಹಣ್ಣಿನ ರಸ ಹೀರುತ್ತಿದ್ದರೆ ಅಥವಾ ಹೂವಿನ ಮೇಲೆ ಕುಳಿತಿದ್ದರೆ ಎರಡರಲ್ಲಿ ಯಾವುದಾದರೂ ಇರಬಹುದು.

ದೋಷ: ಕುಡಿಮೀಸೆಯ ಲೆಕ್ಕ ಹೊಂದುತ್ತಿಲ್ಲ

ಇಡೀ ಪರೀಕ್ಷೆಯ ಕೇಂದ್ರ ಇದು. ಕೊಂಡಿಯುಳ್ಳ ಕಣಜ ಮತ್ತು ಜೇನುಗಳಲ್ಲಿ ಬಹುಪಾಲು ಎಲ್ಲ ಕಡೆ ಗಂಡಿನ ಕುಡಿಮೀಸೆಯಲ್ಲಿ 13 ಗೆಣ್ಣು, ಹೆಣ್ಣಿನಲ್ಲಿ 12. ರಾಣಿಯೂ ಕೆಲಸಗಾರ ಹೆಣ್ಣೂ ಈ ವಿಷಯದಲ್ಲಿ ಒಂದೇ. ಬಣ್ಣ ಏನೇ ಇರಲಿ, ಪಟ್ಟೆ ಹೇಗೇ ಇರಲಿ, ಈ ಒಂದು ಗೆಣ್ಣಿನ ವ್ಯತ್ಯಾಸ ಬದಲಾಗುವುದಿಲ್ಲ. ಆದರೆ ಒಂದರ ವ್ಯತ್ಯಾಸವಾದ್ದರಿಂದ ಎಣಿಕೆಯಲ್ಲಿ ಒಂದು ತಪ್ಪಿದರೂ ಲಿಂಗವೇ ಅದಲುಬದಲಾಗುತ್ತದೆ, ಮತ್ತು ಎಣಿಕೆ ತಪ್ಪಲು ನಿರ್ದಿಷ್ಟ ಕಾರಣಗಳಿವೆ.

ತಲೆಗೆ ಅಂಟಿಕೊಂಡ ಮೊದಲ ಗೆಣ್ಣು ಉದ್ದವಾದದ್ದು. ಅದರ ತಳದಲ್ಲಿ ಒಂದು ಸಣ್ಣ ಗುಬುಟು ಇರುತ್ತದೆ. ಅದು ಆ ಗೆಣ್ಣಿನದೇ ಭಾಗ. ಅದನ್ನು ಬೇರೆಯಾಗಿ ಎಣಿಸಿದರೆ ಹೆಣ್ಣು ಗಂಡಾಗುತ್ತದೆ. ಎರಡನೆಯ ಗೆಣ್ಣು ತೀರ ಗಿಡ್ಡ. ಮೀಸೆ ಮಡಿಚಿಕೊಂಡಿದ್ದರೆ ಮೊಣಕೈಯಂಥ ಆ ತಿರುವಿನಲ್ಲಿ ಮುಚ್ಚಿಹೋಗುತ್ತದೆ. ಅದನ್ನು ಬಿಟ್ಟು ಎಣಿಸಿದರೆ ಗಂಡು ಹೆಣ್ಣಾಗುತ್ತದೆ. ಸರಿಯಾದ ಕ್ರಮವೆಂದರೆ ಬುಡದ ಉದ್ದ ಗೆಣ್ಣನ್ನು ಒಂದು, ಗಿಡ್ಡದ್ದನ್ನು ಎರಡು ಎಂದು ಮೊದಲೇ ಬದಿಗಿಟ್ಟು, ಉಳಿದ ದಾರದಂಥ ಭಾಗವನ್ನು ಮಾತ್ರ ತುದಿಯಿಂದ ಬುಡಕ್ಕೆ ಎಣಿಸುವುದು. ಅಲ್ಲಿ 11 ಬಂದರೆ ಗಂಡು, 10 ಬಂದರೆ ಹೆಣ್ಣು. ಎರಡೂ ಮೀಸೆಗಳನ್ನು ಎಣಿಸಿ. ಎರಡರ ಲೆಕ್ಕ ಬೇರೆ ಬಂದರೆ ಒಂದರ ತುದಿ ಮುರಿದಿದೆ ಎಂದು ಅರ್ಥ, ಮತ್ತು ಹೆಚ್ಚು ಬಂದ ಲೆಕ್ಕವೇ ಸರಿಯಾಗಿರುವ ಸಂಭವ ಹೆಚ್ಚು. ತುದಿಯ ಗೆಣ್ಣು ದುಂಡಗೆ ಅಥವಾ ಚೂಪಾಗಿ ಮುಗಿಯಬೇಕು; ಚಪ್ಪಟೆಯಾಗಿ ಕಡಿದಂತಿದ್ದರೆ ಅದು ಮುರಿದ ತುದಿ. ನಮ್ಮ ಬೇಸಿಗೆಯಲ್ಲಿ ಪೆಟ್ಟಿಗೆಯ ಮಾದರಿ ಹಪ್ಪಳದ ಹಾಗೆ ಒಣಗಿ, ಬೆರಳು ತಗುಲಿದರೂ ಮೀಸೆ ಉದುರುತ್ತದೆ. ಆದ್ದರಿಂದ ಹುಳ ಮೆತ್ತಗಿರುವಾಗಲೇ ಮೀಸೆಗಳನ್ನು ಮುಂದಕ್ಕೆ ಬಿಡಿಸಿ ಪಿನ್ನು ಮಾಡಬೇಕು.

ಗೆಣ್ಣು ಎಣಿಸಲಾಗದಿದ್ದರೂ ಮೀಸೆಯ ಆಕಾರ ಸುಳಿವು ಕೊಡುತ್ತದೆ. ಪೊಲಿಸ್ಟಿಸ್ ಗಂಡಿನ ಮೀಸೆಯ ತುದಿ ಕೊಕ್ಕೆಯಂತೆ ಸುರುಳಿಗೊಂಡಿರುವುದು ಬರಿಗಣ್ಣಿಗೂ ಕಾಣುತ್ತದೆ. ಕುಂಬಾರ ಕಣಜದ ಅನೇಕ ಗಂಡುಗಳಲ್ಲಿ ಕೊನೆಯ ಗೆಣ್ಣೇ ಸಣ್ಣ ಕೊಕ್ಕೆಯಾಗಿ ಹಿಂದಕ್ಕೆ ಬಾಗಿರುತ್ತದೆ. ಎಣಿಸುವಾಗ ಈ ಕೊಕ್ಕೆಯನ್ನು ಬಿಟ್ಟುಬಿಡುವ ಅಪಾಯವೂ ಇದೆ.

ದೋಷ: ಹೊಟ್ಟೆಯ ಪಟ್ಟೆ ಎಣಿಸಿದರೆ ಬೇರೆಯೇ ಉತ್ತರ ಬರುತ್ತಿದೆ

ಸೊಂಟದ ಹಿಂದೆ ಗಂಡಿಗೆ 7 ಖಂಡ ಕಾಣುತ್ತವೆ, ಹೆಣ್ಣಿಗೆ 6. ಪ್ರತಿ ಖಂಡಕ್ಕೂ ಒಂದು ಹಳದಿ ಅಂಚು ಇರುವ ಜಾತಿಗಳಲ್ಲಿ ಗಂಡಿಗೆ ಒಂದು ಪಟ್ಟೆ ಹೆಚ್ಚಾಗಿ ಕಾಣುವುದು ಈ ಕಾರಣಕ್ಕೆ. ಆದರೆ ಎಣಿಸಬೇಕಾದ್ದು ಖಂಡಗಳನ್ನು, ಪಟ್ಟೆಗಳನ್ನಲ್ಲ. ಕೊನೆಯ ಖಂಡ ಪೂರ್ತಿ ಹಳದಿ ಇದ್ದು ಅದಕ್ಕೆ ಮೊದಲಿನ ಖಂಡದ ಹಳದಿ ಅಂಚಿನೊಂದಿಗೆ ಬೆರೆತು ಒಂದೇ ಪಟ್ಟೆಯಂತೆ ತೋರಬಹುದು. ಒಂದೇ ಖಂಡದ ಮೇಲೆ ಕಪ್ಪು ಗೆರೆಯೊಂದು ಹಾದು ಎರಡು ಪಟ್ಟೆಯಂತೆಯೂ ತೋರಬಹುದು.

ರೊಪಲಿಡಿಯಾದಲ್ಲಿ ಇನ್ನೊಂದು ತೊಡಕು. ಸೊಂಟದ ತೊಟ್ಟು ಖಂಡವೇ ಅಲ್ಲವೆಂದು ಬಿಟ್ಟುಬಿಡುವುದು ಮೊದಲ ತಪ್ಪು; ಅದು ಲೆಕ್ಕದಲ್ಲಿ ಒಂದನೆಯದು. ಉಬ್ಬಿದ ಎರಡನೆಯ ಖಂಡದ ಒಳಗೆ ಮೂರನೆಯದರಿಂದ ಮುಂದಿನವು ಒಂದರೊಳಗೊಂದು ಸರಿದುಕೊಂಡು ಕುಳಿತಿರುವುದರಿಂದ ಹುಳ ಸತ್ತ ಮೇಲೆ ಹೊಟ್ಟೆಯಲ್ಲಿ ಎರಡು ಮೂರೇ ಖಂಡ ಇರುವಂತೆ ಕಾಣುವುದು ಎರಡನೆಯ ತೊಡಕು. ಒಣಗಿದ ಮಾದರಿಯನ್ನು ಒದ್ದೆ ಮರಳು ಹಾಕಿದ ಮುಚ್ಚಿದ ಡಬ್ಬಿಯಲ್ಲಿ, ಬೂಸು ಹಿಡಿಯದಂತೆ ಎರಡು ಡಾಂಬರು ಗುಳಿಗೆಯೊಂದಿಗೆ, ಒಂದೆರಡು ದಿನ ಇಟ್ಟರೆ ಕೀಲುಗಳು ಮೆತ್ತಗಾಗುತ್ತವೆ. ಆಗ ಸೂಜಿಯಿಂದ ಖಂಡಗಳನ್ನು ಮೆಲ್ಲಗೆ ಹೊರಗೆಳೆದು ಎಣಿಸಬಹುದು.

ಖಂಡಗಳ ನಡುವೆ ಕಂದು ಬಣ್ಣದ ಸಣ್ಣ ಉಬ್ಬು ಹೊರಗೆ ಚಾಚಿಕೊಂಡಿದ್ದರೆ ಅದನ್ನು ಗುರುತು ಎಂದೋ ಹೆಚ್ಚಿನ ಖಂಡ ಎಂದೋ ಬರೆಯಬಾರದು. ಅದು ಸ್ಟ್ರೆಪ್ಸಿಪ್ಟೆರಾ ಗುಂಪಿನ ಪರಾವಲಂಬಿ ಕೀಟ. ಕಣಜದ ಹೊಟ್ಟೆಯೊಳಗೇ ಬೆಳೆದು ತಲೆಯ ಭಾಗವನ್ನು ಮಾತ್ರ ಖಂಡಗಳ ಸಂದಿಯಿಂದ ಹೊರಹಾಕುತ್ತದೆ. ಇದು ಹೊಕ್ಕ ಕೆಲಸಗಾರ ಹೆಣ್ಣು ಗೂಡಿನ ಕೆಲಸ ಬಿಟ್ಟು ಅಲೆಯುವುದರಿಂದ, ನಡವಳಿಕೆ ನೋಡಿ ಗಂಡು ಎಂದುಕೊಳ್ಳುವ ಸಾಧ್ಯತೆಯೂ ಇದೆ.

ದೋಷ: 13 ಗೆಣ್ಣು ಇವೆ, ಮುಳ್ಳೂ ಕಾಣುತ್ತಿದೆ

ಕೊಂಡಿ ಎಂಬುದು ಮೊಟ್ಟೆ ಇಡುವ ಅಂಗದ ಬದಲಾದ ರೂಪ. ಆದ್ದರಿಂದ ಗಂಡಿಗೆ ಕೊಂಡಿ ಇರಲು ಸಾಧ್ಯವಿಲ್ಲ. ಹಾಗಿದ್ದೂ ಗಂಡಿನ ಹೊಟ್ಟೆಯ ತುದಿಯಲ್ಲಿ ಮುಳ್ಳು ಕಂಡರೆ ಗಾಬರಿಯಾಗಿ ಕುಡಿಮೀಸೆಯ ಲೆಕ್ಕವನ್ನು ತಿದ್ದಬೇಡಿ. ಆ ಮುಳ್ಳು ಏನೆಂದು ನೋಡಿ. ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಗದ್ದೆಗಳ ಸುತ್ತ ಗೊಣ್ಣೆಹುಳವನ್ನು ಹುಡುಕುತ್ತ ನೆಲದ ಹತ್ತಿರ ಹಾರುವ ರೋಮಭರಿತ ಸ್ಕೋಲಿಡ್ ಕಣಜಗಳ ಮೈಮೇಲೂ ಹಳದಿ ಪಟ್ಟೆ ಅಥವಾ ಚುಕ್ಕೆ ಇರುತ್ತವೆ. ಅವುಗಳ ಗಂಡಿನ ಹೊಟ್ಟೆಯ ತುದಿಯಲ್ಲಿ ಮೂರು ಚೂಪು ಮುಳ್ಳುಗಳಿದ್ದು ಕೊಂಡಿಯಂತೆಯೇ ಕಾಣುತ್ತವೆ. ಕೊಂಡಿ ಒಂದೇ ಇರುತ್ತದೆ ಮತ್ತು ಒಳಕ್ಕೆ ಎಳೆದುಕೊಳ್ಳಬಲ್ಲದು. ಈ ಮುಳ್ಳುಗಳು ಸದಾ ಹೊರಗೇ ನಿಂತಿರುತ್ತವೆ.

ಹಿಡಿದ ಗಂಡು ಹೊಟ್ಟೆ ಬಗ್ಗಿಸಿ ಚುಚ್ಚುವ ನಟನೆ ಮಾಡುವುದು ಹಲವು ಜಾತಿಗಳಲ್ಲಿ ಉಂಟು. ಜಪಾನಿನ ಕೋಬೆ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಂಟರ್‌ಹಿಂಕಿಯಂ ಕುಲದ ಒಂಟಿ ಕಣಜದ ಗಂಡು ತನ್ನ ಜನನಾಂಗದ ಎರಡು ಮುಳ್ಳುಗಳಿಂದ ನಿಜವಾಗಿಯೇ ಚುಚ್ಚಿ ಮರಗಪ್ಪೆಯ ಬಾಯಿಂದ ತಪ್ಪಿಸಿಕೊಳ್ಳುವುದನ್ನು ತೋರಿಸಿಕೊಟ್ಟರು. ಅಂದಮೇಲೆ ಚುಚ್ಚಿತು ಎಂಬ ಅನುಭವವೂ ಹೆಣ್ಣು ಎಂಬುದಕ್ಕೆ ಪೂರ್ತಿ ಪುರಾವೆಯಲ್ಲ. ವಿಷದ ಉರಿ ಇತ್ತೇ ಎಂಬುದು ಬೇರೆ ಪ್ರಶ್ನೆ.

ದೋಷ: ಹಳದಿ ಇದ್ದದ್ದು ಕೆಂಪಾಗಿದೆ, ಅಥವಾ ಕಪ್ಪಾಗಿದೆ

ಸಯನೈಡ್ ಹಾಕಿದ ಕೊಲ್ಲುವ ಸೀಸೆಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಕಣಜದ ಹಳದಿ ಕೆಂಪಿಗೆ ತಿರುಗುತ್ತದೆ. ಇಂಥ ಮಾದರಿಯನ್ನು ಕೆಂಪು ಪಟ್ಟೆಯ ಹೊಸ ಜಾತಿಯೆಂದು ಬರೆದವರಿದ್ದಾರೆ ಎಂದರೆ ನಗಬೇಕಾಗಿಲ್ಲ. ಸೀಸೆಯಲ್ಲಿ ಏನಿತ್ತು ಎಂದು ಚೀಟಿಯಲ್ಲಿ ಬರೆಯದಿದ್ದರೆ ನಂತರ ನೋಡುವವರಿಗೆ ತಿಳಿಯುವ ಬಗೆಯೇ ಇಲ್ಲ. ಸ್ಪಿರಿಟ್‌ನಲ್ಲಿ ಬಹುಕಾಲ ಇಟ್ಟದ್ದು ಬಣ್ಣ ಬಿಡುತ್ತದೆ. ಒಣ ಮಾದರಿಯ ಒಳಗಿನ ಕೊಬ್ಬು ಹೊರಕ್ಕೆ ಒಸರಿ ಹೊಟ್ಟೆಯೆಲ್ಲ ಎಣ್ಣೆ ಹಚ್ಚಿದಂತೆ ಮಂಕಾದರೆ ಅಸಿಟೋನ್‌ನಲ್ಲಿ ನೆನೆಸಿ ತೆಗೆದಾಗ ಪಟ್ಟೆಗಳು ಬಹುಮಟ್ಟಿಗೆ ಮರಳುತ್ತವೆ. ಆಗತಾನೇ ಕೋಶದಿಂದ ಹೊರಬಂದ ಕಣಜದ ಬಣ್ಣ ಇನ್ನೂ ನೆಲೆಗೊಂಡಿರುವುದಿಲ್ಲ. ಮೈ ಒತ್ತಿದರೆ ಮೆತ್ತಗಿದ್ದರೆ ಅದರ ಬಣ್ಣದ ಮೇಲೆ ಯಾವ ತೀರ್ಮಾನವೂ ಬೇಡ. ಇನ್ನು ಕೋಶಾವಸ್ಥೆಯಲ್ಲಿ ತಂಪು ತಗುಲಿದ ಹುಳಗಳಲ್ಲಿ ಕಪ್ಪು ಹೆಚ್ಚಾಗುವುದು ಸಾಮಾನ್ಯವಾದ್ದರಿಂದ ಒಂದೇ ಗೂಡಿನ ಅಕ್ಕತಂಗಿಯರೂ ಬೇರೆ ಬೇರೆ ಪಟ್ಟೆ ತೊಟ್ಟಿರಬಹುದು.

ನಿಜವಾದ ವೆಸ್ಪುಲಾ ಕೈಗೆ ಬಂದಾಗ

ಶೈಕ್ಷಣಿಕ ಪ್ರವಾಸಕ್ಕೆ ಹಿಮಾಚಲ, ಕಾಶ್ಮೀರದ ಕಡೆ ಹೋದವರು ವೆಸ್ಪುಲಾ ಜರ್ಮನಿಕಾವನ್ನು ತರುವುದು ಸಾಧ್ಯ. ಆಗ ಗುರುತುಗಳಿಗೆ ಬೆಲೆ ಇದೆ, ಆದರೆ ಚಿತ್ರಪಟಗಳಲ್ಲಿ ಕೊಡುವ ಗುರುತುಗಳು ಬಹುತೇಕ ಕೆಲಸಗಾರ ಹೆಣ್ಣಿನವು ಎಂಬುದನ್ನು ಮರೆಯಬಾರದು. ಜರ್ಮನಿಕಾದ ಹೆಣ್ಣಿನ ಮುಖದ ತಟ್ಟೆಯ ಮೇಲೆ ಮೂರು ಕಪ್ಪು ಚುಕ್ಕೆ, ವಲ್ಗಾರಿಸ್ ಜಾತಿಯಲ್ಲಿ ಹಡಗಿನ ಲಂಗರಿನ ಆಕಾರದ ಗುರುತು ಎಂಬುದು ಪ್ರಸಿದ್ಧ. ಗಂಡಿನ ಮುಖದಲ್ಲಿ ಈ ಗುರುತುಗಳು ಕುಗ್ಗಿಯೋ ಕೂಡಿಕೊಂಡೋ ಇರುವುದರಿಂದ ಮೂರು ಚುಕ್ಕೆ ಕಾಣಲಿಲ್ಲವೆಂದು ಜಾತಿಯನ್ನೇ ಬದಲಾಯಿಸುವುದು ತಪ್ಪು. ಕಣ್ಣಿನ ಹಿಂದಿನ ಕೆನ್ನೆಯ ಹಳದಿ ಜರ್ಮನಿಕಾದಲ್ಲಿ ಅಖಂಡವಾಗಿದ್ದು ವಲ್ಗಾರಿಸ್‌ನಲ್ಲಿ ಕಪ್ಪಿನಿಂದ ತುಂಡಾಗಿರುವುದು ಮುಖದ ಗುರುತಿಗಿಂತ ಹೆಚ್ಚು ಆಸರೆ ಕೊಡುತ್ತದೆ. ಗಾತ್ರದಲ್ಲಿ ಗಂಡು ಕೆಲಸಗಾರ ಹೆಣ್ಣಿಗಿಂತ ಸಾಮಾನ್ಯವಾಗಿ ದೊಡ್ಡದು, ರಾಣಿಗಿಂತ ಚಿಕ್ಕದು. ಮೀಸೆ ಉದ್ದ, ಹೊಟ್ಟೆ ಸಪೂರ. ಸಂದೇಹ ಉಳಿದರೆ ಮೆತ್ತಗೆ ಮಾಡಿದ ಮಾದರಿಯಿಂದ ಜನನಾಂಗವನ್ನು ಹೊರಗೆಳೆದು ನೋಡಬೇಕು. ಗಂಡುಗಳ ಜಾತಿ ನಿರ್ಣಯಕ್ಕೆ ಶಿಶ್ನದ ತುದಿಯ ಆಕಾರವನ್ನು ತಜ್ಞರು ಬಣ್ಣಕ್ಕಿಂತ ಹೆಚ್ಚು ನಂಬುತ್ತಾರೆ.

ಫೋಟೊ ಮಾತ್ರ ಇದ್ದಾಗ

ರೈತರು ವಾಟ್ಸಾಪ್‌ನಲ್ಲಿ ಕಳಿಸುವ ಚಿತ್ರ ಸಾಮಾನ್ಯವಾಗಿ ಮೇಲಿನಿಂದ ತೆಗೆದದ್ದು. ಪಟ್ಟೆಗಳು ಸೊಗಸಾಗಿ ಕಾಣುತ್ತವೆ, ಬೇಕಾದ್ದು ಒಂದೂ ಕಾಣುವುದಿಲ್ಲ. ಎದುರಿನಿಂದ ಮುಖ, ಪಕ್ಕದಿಂದ ಸೊಂಟ, ಬೆಳಕಿಗೆ ಎದುರಾಗಿ ಮೀಸೆ, ಸಾಧ್ಯವಾದರೆ ಗೂಡು, ಹೀಗೆ ಬೇರೆ ಬೇರೆ ಚಿತ್ರಗಳನ್ನು ದೂರದಿಂದಲೇ ಜೂಮ್ ಮಾಡಿ ತೆಗೆದು ಕಳಿಸಲು ಕೇಳಬೇಕು. ಮೀಸೆಯ ತುದಿ ಸುರುಳಿಗೊಂಡು ಮುಖವೂ ಚಪ್ಪಟೆ ತಿಳಿಹಳದಿ ಇದ್ದರೆ ಪೊಲಿಸ್ಟಿಸ್ ಗಂಡು ಎಂದು ಧೈರ್ಯವಾಗಿ ಹೇಳಬಹುದು. ಗೆಣ್ಣು ಎಣಿಸಲಾಗದ, ತುದಿ ಕಾಣದ ಚಿತ್ರಕ್ಕೆ ಚೀಟಿಯಲ್ಲಿ ಕುಲದ ಹೆಸರನ್ನಷ್ಟೇ ಬರೆದು ಲಿಂಗದ ಜಾಗದಲ್ಲಿ “ನಿರ್ಣಯವಾಗಿಲ್ಲ” ಎಂದು ಬರೆಯಿರಿ. ಅದರ ಕೆಳಗೆ ಊರು, ದಿನಾಂಕ, ಬೆಳೆ, ಹುಳ ಏನು ಮಾಡುತ್ತಿತ್ತು, ಮಾದರಿಯೂ ಇದ್ದರೆ ಅದನ್ನು ಯಾವ ವಿಧಾನದಿಂದ ಕೊಂದದ್ದು ಎಂಬ ವಿವರ ಇರಲಿ.